ತಡೆಯಲು ಸೊನ್ನೆ ರೂಪಾಯಿ, ಬಿಡಲು ತಿಂಗಳಿಗೆ 69

ಫೋನ್ ಫೋನಿಗೂ ಬೇರೆ ಬೇರೆ ಆ್ಯಪ್ ಹಾಕುವ ಬದಲು, ಮನೆಯ ರೂಟರ್‌ನಲ್ಲೇ ಒಂದು ಸಲ ಜಾಹೀರಾತು ತಡೆದುಬಿಡಲು ಆಂಧ್ರದ ಆದೋನಿಯ ಒಂದು ಮನೆಗೆ ಎಷ್ಟು ಖರ್ಚು ಬೀಳುತ್ತದೆ? ಕಡಿಮೆಯೆಂದರೆ ಸೊನ್ನೆ. ಸ್ವಂತದ ಪುಟ್ಟ ಸರ್ವರ್ ಇಟ್ಟುಕೊಂಡರೆ 5 ವರ್ಷಕ್ಕೆ ಸುಮಾರು ₹4,150, ಅಂದರೆ ತಿಂಗಳಿಗೆ ₹69. ಅಟ್ಟದ ಮೇಲಿನ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಪುಕ್ಕಟೆ ಎಂದುಕೊಂಡು ಇಳಿಸಿ ಕೂರಿಸಿದರೆ, ಅದೇ 5 ವರ್ಷಕ್ಕೆ ಕರೆಂಟ್ ಬಿಲ್ಲಿನಲ್ಲೇ ₹10,500 ಹೋಗುತ್ತದೆ. ಈ ಮೂರು ಅಂಕಿಗಳ ಹಿಂದಿರುವ ಲೆಕ್ಕವನ್ನು ಬಿಡಿಸಿ ನೋಡಿದರೆ, ಯಾರು ದುಡ್ಡು ಹಾಕಬೇಕು, ಯಾರು ಹಾಕಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಲೆಕ್ಕಕ್ಕೆ ಹಿಡಿದ ಮನೆ

ಐದು ಜನರ ಮನೆ. ಫೋನ್ 5, ಟಿವಿ 1, ಲ್ಯಾಪ್‌ಟಾಪ್ 1, ಮಕ್ಕಳ ಟ್ಯಾಬ್ 1. ಒಟ್ಟು 8 ಸಾಧನ. ಖಾಸಗಿ ಕಂಪನಿಯೊಂದರ ₹399ರ ಆರಂಭಿಕ ಫೈಬರ್ ಪ್ಲಾನ್ ಹಾಕಿಸಿಕೊಂಡಿದ್ದಾರೆ ಎನ್ನೋಣ. ಶೇ 18 ಜಿಎಸ್‌ಟಿ ಸೇರಿದರೆ ತಿಂಗಳಿಗೆ ₹470.82, ಐದು ವರ್ಷಕ್ಕೆ ₹28,249. ವೇಗ 30 ಎಂಬಿಪಿಎಸ್, ತಿಂಗಳ ಮಿತಿ 3,300 ಜಿಬಿ.

ಈ ಭಾಗದಲ್ಲಿ ಸರ್ಕಾರದ್ದೇ ಇನ್ನೊಂದು ದಾರಿಯೂ ಇದೆ. ಆಂಧ್ರಪ್ರದೇಶ ಫೈಬರ್‌ನೆಟ್ ಯೋಜನೆಯನ್ನು 2017ರ ಡಿಸೆಂಬರ್ 27ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದಾಗ, ನೆಟ್, ಟಿವಿ, ಫೋನ್ ಮೂರೂ ಸೇರಿ ತಿಂಗಳಿಗೆ ₹149ರಿಂದ ಆರಂಭ ಎಂದು ಘೋಷಿಸಲಾಗಿತ್ತು. ನೆಲ ಅಗೆಯದೆ ಕರೆಂಟ್ ಕಂಬಗಳ ಮೇಲೆಯೇ ಎಳೆದ ಈ ತಂತಿ ಮನೆಗೆ ಬರುವುದು ಊರಿನ ಕೇಬಲ್ ಆಪರೇಟರ್ ಕೈಯಿಂದ. ನಮ್ಮ ವಿಷಯಕ್ಕೆ ಈ ಮಾತು ಮುಖ್ಯ, ಏಕೆಂದರೆ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಎಷ್ಟೋ ಸಲ ಕೇಬಲ್‌ನವರ ಬಳಿಯೇ ಉಳಿದುಬಿಟ್ಟಿರುತ್ತದೆ. "ಅಣ್ಣಾ, ಡಿಎನ್‌ಎಸ್ ಬದಲಾಯಿಸಬೇಕು, ಪಾಸ್‌ವರ್ಡ್ ಕೊಡ್ರಿ" ಎಂದು ಕೇಳುವುದೇ ಇಡೀ ಕೆಲಸದ ಮೊದಲ ಹೆಜ್ಜೆ.

ಕರೆಂಟಿನ ದರ: ಆದೋನಿ ಇರುವ ಕರ್ನೂಲು ಜಿಲ್ಲೆಗೆ ವಿದ್ಯುತ್ ಕೊಡುವುದು ತಿರುಪತಿಯಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ವಿತರಣಾ ಕಂಪನಿ. 2022–23ರಲ್ಲಿ ಗೊತ್ತುಪಡಿಸಿದ ಗೃಹಬಳಕೆ ಸ್ಲ್ಯಾಬ್‌ಗಳು ಹೀಗಿವೆ: 30 ಯೂನಿಟ್‌ವರೆಗೆ ₹1.90, 75ರವರೆಗೆ ₹3, 125ರವರೆಗೆ ₹4.50, 225ರವರೆಗೆ ₹6, 400ರವರೆಗೆ ₹8.75, ಅದರಾಚೆ ₹9.75. ನಮ್ಮ ಲೆಕ್ಕದ ಮನೆ ಬೇಸಿಗೆಯಲ್ಲಿ ತಿಂಗಳಿಗೆ 210 ಯೂನಿಟ್ ಸುಡುತ್ತದೆ ಎಂದಿಟ್ಟುಕೊಳ್ಳೋಣ. ಹೊಸದಾಗಿ ಸೇರುವ ಪ್ರತಿ ಯೂನಿಟ್‌ಗೆ ₹6 ಹಿಡಿಯಬಹುದು. ದಿನದ 24 ಗಂಟೆಯೂ ಉರಿಯುವ 1 ವ್ಯಾಟ್‌ನ ಸಾಧನ ವರ್ಷಕ್ಕೆ 8.76 ಯೂನಿಟ್ ತಿನ್ನುತ್ತದೆ, ₹6ರಂತೆ ₹52.56. ಮುಂದಿನ ಲೆಕ್ಕಕ್ಕೆಲ್ಲ ಇದೇ ಅಳತೆಗೋಲು.

ತಡೆಯುವುದು ಎಲ್ಲಿ

ವೆಬ್‌ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ಹೊಂದಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಅಮೆರಿಕದ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಇದನ್ನು ರೂಪಿಸಿದರು. ಸುದ್ದಿ ಪುಟವೊಂದನ್ನು ತೆರೆದಾಗ ಫೋನ್ ಕೇಳುವುದು ಪತ್ರಿಕೆಯ ವಿಳಾಸವೊಂದನ್ನೇ ಅಲ್ಲ. ಜಾಹೀರಾತು ಕಂಪನಿಗಳ, ಓದುಗರ ಜಾಡು ಹಿಡಿಯುವ ಕಂಪನಿಗಳ ವಿಳಾಸಗಳನ್ನೂ ಸಾಲಾಗಿ ಕೇಳುತ್ತದೆ. ತಡೆಯುವ ಡಿಎನ್‌ಎಸ್ ಸರ್ವರ್ ತನ್ನ ಪಟ್ಟಿಯಲ್ಲಿರುವ ಹೆಸರು ಕಂಡರೆ 0.0.0.0 ಎಂಬ ಖಾಲಿ ವಿಳಾಸ ಕೊಟ್ಟು ಕಳಿಸುತ್ತದೆ. ಅಲ್ಲಿಗೆ ಜಾಹೀರಾತು ಇಳಿಯುವುದೇ ಇಲ್ಲ.

ಈ ಕೆಲಸದ ಭಾರ ತೀರಾ ಸಣ್ಣದು. ಒಂದು ಪ್ರಶ್ನೆ, ಅದರ ಉತ್ತರ ಸೇರಿ 200 ಬೈಟ್ ಹಿಡಿದರೆ, ದಿನಕ್ಕೆ 20,000 ಪ್ರಶ್ನೆಗಳಿಗೆ 4 ಎಂಬಿ ಸಾಕು. ಒಂದು ಲಕ್ಷ ಹೆಸರುಗಳ ತಡೆಪಟ್ಟಿ, ಹೆಸರಿಗೆ ಸರಾಸರಿ 25 ಅಕ್ಷರದಂತೆ, 2.5 ಎಂಬಿ, ಫೋನಿನಲ್ಲಿ ತೆಗೆದ ಒಂದು ಫೋಟೊಗಿಂತ ದೊಡ್ಡದಲ್ಲ. ₹1,700ರ ಪುಟ್ಟ ಬೋರ್ಡ್ ಇಡೀ ಮನೆಯನ್ನು ನಿಭಾಯಿಸಲು ಇದೇ ಕಾರಣ.

ದಾರಿ 1: ಸಾರ್ವಜನಿಕ ಸರ್ವರ್, ₹0

ಆಡ್‌ಗಾರ್ಡ್ ಕಂಪನಿ ಜಾಹೀರಾತು ತಡೆಯುವ ಡಿಎನ್‌ಎಸ್ ಸರ್ವರನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ವಿಳಾಸ 94.140.14.14 ಮತ್ತು 94.140.15.15. ಮಕ್ಕಳಿರುವ ಮನೆಗೆ, ಅಶ್ಲೀಲ ತಾಣಗಳನ್ನೂ ತಡೆಯುವ ಇನ್ನೊಂದು ಜೋಡಿ ಇದೆ: 94.140.14.15 ಮತ್ತು 94.140.15.16.

ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದರೆ ಹೆಚ್ಚಿನ ರೂಟರ್‌ಗಳ ಪುಟ ತೆರೆಯುತ್ತದೆ, ಕೆಲವಕ್ಕೆ 192.168.0.1, ಇನ್ನು ಕೆಲವಕ್ಕೆ 192.168.29.1. ರೂಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇದು ಬರೆದಿರುತ್ತದೆ. ಒಳಗೆ ಹೋಗಿ ಲ್ಯಾನ್, ಅದರೊಳಗೆ ಡಿಎಚ್‌ಸಿಪಿ ಸರ್ವರ್ ಎಂಬ ಪುಟ ಹುಡುಕಿ. ಪ್ರೈಮರಿ ಡಿಎನ್‌ಎಸ್, ಸೆಕೆಂಡರಿ ಡಿಎನ್‌ಎಸ್ ಎಂಬ ಎರಡು ಖಾನೆ ಕಾಣುತ್ತವೆ. ಎರಡರಲ್ಲೂ ಮೇಲಿನ ಒಂದೇ ಜೋಡಿಯ ಅಂಕಿಗಳನ್ನು ತುಂಬಿ ಸೇವ್ ಮಾಡಬೇಕು.

ಜನ ಹೆಚ್ಚಾಗಿ ಎಡವುವುದು ಎರಡನೇ ಖಾನೆಯಲ್ಲಿ. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಅಲ್ಲಿ ಗೂಗಲ್‌ನ 8.8.8.8 ಹಾಕುತ್ತಾರೆ. ಫೋನ್‌ಗಳು ಎರಡನೆಯದನ್ನು ಆಪತ್ತಿಗೆಂದು ಕಾಯ್ದಿಡುವುದಿಲ್ಲ. ತಮಗೆ ತೋಚಿದಂತೆ ಯಾವುದನ್ನಾದರೂ ಕೇಳುತ್ತವೆ. ಹಾಗಾಗಿ ಜಾಹೀರಾತು ಒಮ್ಮೆ ನಿಂತಿತು, ಒಮ್ಮೆ ಬಂತು ಎಂಬ ಗೊಂದಲ ಶುರುವಾಗುತ್ತದೆ.

ಇನ್ನೊಂದು ಸೋರಿಕೆ ಐಪಿವಿ6. ಈ ಹೊಸ ವಿಳಾಸ ಪದ್ಧತಿಯ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ರೂಟರ್‌ನಲ್ಲಿ ಐಪಿವಿ4 ಖಾನೆಗಳನ್ನಷ್ಟೇ ತುಂಬಿದರೆ, ಫೋನ್ ಐಪಿವಿ6 ದಾರಿಯಲ್ಲಿ ಕಂಪನಿಯ ಡಿಎನ್‌ಎಸ್ ಸರ್ವರನ್ನೇ ಕೇಳಿಕೊಂಡು ಆರಾಮಾಗಿರುತ್ತದೆ. ಐಪಿವಿ6 ಪುಟದಲ್ಲೂ ತಡೆಯುವ ಸರ್ವರ್‌ನ ವಿಳಾಸ ಹಾಕಬೇಕು. ಅಂಥ ಖಾನೆಯೇ ಇಲ್ಲದಿದ್ದರೆ ರೂಟರ್‌ನಲ್ಲಿ ಐಪಿವಿ6 ಆಫ್ ಮಾಡುವುದೊಂದೇ ದಾರಿ.

ಬದಲಾವಣೆ ಕೂಡಲೇ ಕಾಣದಿದ್ದರೆ ಗಾಬರಿ ಬೇಡ. ರೂಟರ್ ಪ್ರತಿ ಸಾಧನಕ್ಕೂ ಕೊಟ್ಟ ವಿಳಾಸಕ್ಕೆ ಒಂದು ಗಡುವಿರುತ್ತದೆ. ಅದನ್ನು 1,440 ನಿಮಿಷ, ಅಂದರೆ ಪೂರ್ತಿ ಒಂದು ದಿನ ಇಡುವ ರೂಟರ್‌ಗಳಿವೆ. ಫೋನಿನ ವೈಫೈ ಆಫ್ ಮಾಡಿ ಆನ್ ಮಾಡಿದರೆ ಹೊಸ ಡಿಎನ್‌ಎಸ್ ವಿಳಾಸ ಬರುತ್ತದೆ.

ಕಂಪನಿ ಕೊಟ್ಟ ರೂಟರ್‌ನಲ್ಲಿ ಈ ಖಾನೆಗಳಿಗೆ ಬೀಗ ಹಾಕಿದ್ದರೆ? ಆಗ ಫೋನ್‌ಗಳನ್ನು ಒಂದೊಂದಾಗಿ ಹಿಡಿಯಬೇಕು. 2018ರ ಆಂಡ್ರಾಯ್ಡ್ 9ರಿಂದೀಚೆಗಿನ ಫೋನ್‌ಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಅಲ್ಲಿ 'ಡಿಎನ್‌ಎಸ್ ಡಾಟ್ ಆಡ್‌ಗಾರ್ಡ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್' ಎಂಬ ಹೆಸರು ಹಾಕಿದರೆ ಸಾಕು. ಇದಕ್ಕೂ ₹0. ಮನೆ ಬಿಟ್ಟು ಹತ್ತಿ ಮಾರುಕಟ್ಟೆಗೆ ಹೋದರೂ, ಮಂತ್ರಾಲಯಕ್ಕೆ ಹೋದರೂ ಮೊಬೈಲ್ ಡೇಟಾದಲ್ಲೂ ಈ ತಡೆ ಜೊತೆಗೇ ಬರುತ್ತದೆ. 2024ರ ಕೊನೆಗೆ ದೇಶದಲ್ಲಿ ಸುಮಾರು 94 ಕೋಟಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿದ್ದು, ಅದರಲ್ಲಿ ತಂತಿಯ ಮೂಲಕ ಮನೆಗೆ ಬರುವುದು 4 ಕೋಟಿಯಷ್ಟು ಮಾತ್ರ. ಹೊಳಗುಂದ, ಹಾಲಹರವಿ, ಕೌತಾಳದ ಹಳ್ಳಿಗಳಲ್ಲಿ ರೂಟರ್ ಇಲ್ಲದ ಮನೆಗೆ ಈ ದಾರಿಯೇ ಸರಿ.

ದಾರಿ 2: ಖಾತೆ ತೆರೆಯುವುದು, ವರ್ಷಕ್ಕೆ ₹0 ಅಥವಾ ₹1,800

ನೆಕ್ಸ್ಟ್‌ಡಿಎನ್‌ಎಸ್‌ನಂಥ ಸೇವೆಯಲ್ಲಿ ಸ್ವಂತ ಖಾತೆ ತೆರೆದು, ಯಾವುದನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂದು ನಾವೇ ಗೊತ್ತುಮಾಡಬಹುದು. ತಿಂಗಳಿಗೆ 3 ಲಕ್ಷ ಪ್ರಶ್ನೆಗಳವರೆಗೆ ಉಚಿತ. ದಿನಕ್ಕೆ 10,000; ಎಂಟು ಸಾಧನಗಳಿಗೆ ಹಂಚಿದರೆ ತಲಾ 1,250. ದಿನವಿಡೀ ವೈಫೈನಲ್ಲೇ ಇರುವ ಫೋನ್, ಟಿವಿಗಳಿಗೆ ಇದು ಸಾಲದು. ಮಿತಿ ಮುಗಿದ ಮೇಲೆ ನೆಟ್ ನಿಲ್ಲುವುದಿಲ್ಲ, ತಡೆ ಮಾತ್ರ ನಿಲ್ಲುತ್ತದೆ. ಮಿತಿಯಿಲ್ಲದ ಖಾತೆಗೆ ವರ್ಷಕ್ಕೆ 19.90 ಡಾಲರ್, ಡಾಲರಿಗೆ ₹90 ಹಿಡಿದರೆ ₹1,791, ಐದು ವರ್ಷಕ್ಕೆ ₹8,955.

ಇಲ್ಲೊಂದು ತೊಡಕೂ ಇದೆ. ಸಾಧಾರಣ ರೂಟರ್‌ನಲ್ಲಿ ಬರೀ ಅಂಕಿ ಹಾಕಿದರೆ, ಪ್ರಶ್ನೆ ಯಾರ ಮನೆಯದೆಂದು ಈ ಸೇವೆ ಗುರುತಿಸುವುದು ಮನೆಯ ಸಾರ್ವಜನಿಕ ಐಪಿ ವಿಳಾಸದಿಂದ. ನಮ್ಮಲ್ಲಿ ಎಷ್ಟೋ ಕಂಪನಿಗಳು ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿರುತ್ತವೆ. ಹೀಗಾಗಿ ಈ ದಾರಿ ರೂಟರಿಗಿಂತ ಫೋನಿನ ಪ್ರೈವೇಟ್ ಡಿಎನ್‌ಎಸ್‌ಗೇ ಹೆಚ್ಚು ಹೊಂದುತ್ತದೆ.

ದಾರಿ 3: ಸ್ವಂತ ಸರ್ವರ್, ತಿಂಗಳಿಗೆ ₹69

ಜೇಕಬ್ ಸಾಲ್ಮೆಲಾ 2014ರಲ್ಲಿ ಶುರುಮಾಡಿದ ಪೈ-ಹೋಲ್ ಎಂಬ ಮುಕ್ತ ತಂತ್ರಾಂಶ ಇಂದು ಈ ಕೆಲಸಕ್ಕೆ ಹೆಸರುವಾಸಿ. ಅದಕ್ಕೆ ಬೇಕಾದದ್ದು 512 ಎಂಬಿ ರ್‍ಯಾಮ್. 2021ರ ಅಕ್ಟೋಬರ್‌ನಲ್ಲಿ 15 ಡಾಲರಿಗೆ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯೂ ಬೋರ್ಡಿನಲ್ಲಿ ಸರಿಯಾಗಿ ಅಷ್ಟೇ ಇದೆ. 15 ಡಾಲರಿಗೆ ₹1,350, ಜಿಎಸ್‌ಟಿ ಸೇರಿ ₹1,593, ಕೊರಿಯರ್ ಕೂಡಿಸಿ ₹1,700 ಎಂದು ಹಿಡಿದ ಅಂದಾಜು ಇದು:

- ಬೋರ್ಡ್: ₹1,700
- 32 ಜಿಬಿ ಮೆಮೊರಿ ಕಾರ್ಡ್: ₹450
- ಅಡಾಪ್ಟರ್: ₹400
- ರೂಟರಿಗೆ ತಂತಿ ಜೋಡಿಸುವ ಈಥರ್ನೆಟ್ ಅಡಾಪ್ಟರ್: ₹500
- ಪ್ಲಾಸ್ಟಿಕ್ ಡಬ್ಬಿ: ₹250
- ಮೊದಲ ಖರ್ಚು: ₹3,300
- 1.5 ವ್ಯಾಟ್‌ನಂತೆ ಕರೆಂಟ್, ವರ್ಷಕ್ಕೆ 13.14 ಯೂನಿಟ್: ₹79, ಐದು ವರ್ಷಕ್ಕೆ ₹394
- ನಡುವೆ ಒಮ್ಮೆ ಕಾರ್ಡ್ ಬದಲಾವಣೆ: ₹450
- ಐದು ವರ್ಷದ ಒಟ್ಟು: ₹4,144

ಇದು ಅದೇ ಅವಧಿಯ ನೆಟ್ ಬಿಲ್ಲಿನ ಶೇ 15ಕ್ಕೂ ಕಡಿಮೆ.

ಈಗ ಹಳೇ ಡೆಸ್ಕ್‌ಟಾಪ್ ಲೆಕ್ಕ. ಸುಮ್ಮನೆ ಉರಿಯಲು 40 ವ್ಯಾಟ್ ಬೇಕೆಂದರೆ ವರ್ಷಕ್ಕೆ 350.4 ಯೂನಿಟ್, ₹2,102. ಐದು ವರ್ಷಕ್ಕೆ ₹10,512. ಬೇಸಿಗೆಯಲ್ಲಿ ಇನ್ನೂ ಕಷ್ಟ: ತಿಂಗಳ 210 ಯೂನಿಟ್‌ಗೆ 28.8 ಸೇರಿ 238.8 ಆದಾಗ, 225ರ ಗಡಿ ದಾಟಿದ 13.8 ಯೂನಿಟ್‌ಗೆ ₹8.75ರ ದರ ಬೀಳುತ್ತದೆ. ಆ ತಿಂಗಳ ಹೆಚ್ಚುವರಿ ₹211. ಹೊಸ ಬೋರ್ಡಿಗೆ ಹಾಕಿದ ₹3,300, ಡೆಸ್ಕ್‌ಟಾಪ್ ಆಫ್ ಮಾಡಿದ ಉಳಿತಾಯದಲ್ಲೇ ಇಪ್ಪತ್ತು ತಿಂಗಳೊಳಗೆ ವಾಪಸ್ ಬರುತ್ತದೆ. ಆದರೆ 10 ವ್ಯಾಟ್‌ನ ಹಳೇ ಲ್ಯಾಪ್‌ಟಾಪ್ ಇದ್ದರೆ ಮಾತು ಬೇರೆ: ವರ್ಷಕ್ಕೆ ₹526, ಐದು ವರ್ಷಕ್ಕೆ ₹2,628. ಬೋರ್ಡಿಗಿಂತಲೂ ಅಗ್ಗ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ತೆಗೆಸಿಯೇ ಬಳಸಬೇಕು.

ಕರೆಂಟ್ ಹೋದರೆ? ರೂಟರಿಗೆ ಹಾಕುವ 8,800 ಎಂಎಎಚ್‌ನ ಮಿನಿ ಯುಪಿಎಸ್‌ನಲ್ಲಿ 3.7 ವೋಲ್ಟ್ ಲೆಕ್ಕದಲ್ಲಿ 32.6 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಶೇ 80 ಕೈಗೆ ಸಿಕ್ಕರೆ 26. ರೂಟರ್ 8 ವ್ಯಾಟ್ ಎಳೆದರೆ 3 ಗಂಟೆ 15 ನಿಮಿಷ. ಅದಕ್ಕೇ ಸರ್ವರನ್ನೂ ಸೇರಿಸಿ 9.5 ವ್ಯಾಟ್ ಆದರೆ 2 ಗಂಟೆ 45 ನಿಮಿಷ. ಈ ಅರ್ಧ ಗಂಟೆಯನ್ನು ಬಿಟ್ಟುಕೊಡುವುದು ಲೇಸು. ರೂಟರ್ ಮಾತ್ರ ಉರಿಯುತ್ತಿದ್ದು ಸರ್ವರ್ ಆರಿದರೆ, ವೈಫೈ ಗುರುತು ಪೂರ್ತಿ ಇದ್ದೂ ಮನೆಯವರಿಗೆಲ್ಲ ನೆಟ್ ಇಲ್ಲ ಎನಿಸುತ್ತದೆ. ಸರ್ವರಿಗೆ ರೂಟರ್‌ನಲ್ಲಿ 192.168.1.2ರಂಥ ಒಂದು ಸ್ಥಿರ ವಿಳಾಸ ಕಾದಿರಿಸುವುದನ್ನೂ ಮರೆಯಬಾರದು.

ಉಳಿಯುವುದು ಏನು

ಡೇಟಾ ಉಳಿದು ದುಡ್ಡು ಉಳಿಯುತ್ತದೆ ಎಂಬ ಆಸೆಯಿಂದ ಯಾರೂ ಈ ಕೆಲಸಕ್ಕೆ ಇಳಿಯಬಾರದು. ಐದು ಜನ ದಿನಕ್ಕೆ ತಲಾ 40 ಪುಟ ತೆರೆದು, ಪುಟಕ್ಕೆ 1 ಎಂಬಿ ಜಾಹೀರಾತು ತಪ್ಪಿತು ಎಂದು ಧಾರಾಳವಾಗಿ ಹಿಡಿದರೂ ತಿಂಗಳಿಗೆ 6 ಜಿಬಿ. 3,300 ಜಿಬಿ ಮಿತಿಯಲ್ಲಿ ಅದು ಶೇ 0.18. ಮೊಬೈಲ್‌ನ ದಿನಕ್ಕೆ 1.5 ಜಿಬಿ ಪ್ಯಾಕ್‌ನಲ್ಲಿ ಒಬ್ಬರ 40 ಎಂಬಿ, ಶೇ 2.7.

ನಿಜವಾಗಿ ಉಳಿಯುವುದು ಹೊತ್ತು. ಉಚಿತ ಆಟದ ಆ್ಯಪ್‌ಗಳಲ್ಲಿ ನಡುನಡುವೆ ಬರುವ 30 ಸೆಕೆಂಡಿನ ವಿಡಿಯೊ ಜಾಹೀರಾತನ್ನು ಒಂದು ಮಗು ದಿನಕ್ಕೆ 20 ಸಲ ನೋಡಿದರೆ 10 ನಿಮಿಷ; ವರ್ಷಕ್ಕೆ 60 ಗಂಟೆ 50 ನಿಮಿಷ. ಆ 60 ಗಂಟೆಗಳಲ್ಲಿ ಮಗು ನೋಡುವುದನ್ನು ಆರಿಸುವವರು ಅಪ್ಪ-ಅಮ್ಮ ಅಲ್ಲ, ಮೇಷ್ಟ್ರೂ ಅಲ್ಲ. ಆ ಜಾಹೀರಾತುಗಳಲ್ಲಿ ಜೂಜಿನವೂ ಇರಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಜೂಜಿನ ಮೇಲೆ ಆಂಧ್ರಪ್ರದೇಶ 2020ರಲ್ಲೇ ನಿಷೇಧ ತಂದಿತು. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಅಂಥ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನವರ ಜಾಡು ಹಿಡಿಯುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ಬಿಡುವುದು ತಪ್ಪು. ಮಕ್ಕಳಿಗೆ ಸಂಬಂಧಿಸಿದ ಕರ್ತವ್ಯ ಮೀರಿದರೆ ದಂಡ ₹200 ಕೋಟಿವರೆಗೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂಥವು. ಕಾನೂನು ತನ್ನ ಕೆಲಸ ಮಾಡಲಿ. ಅಲ್ಲಿಯವರೆಗೆ ರೂಟರ್‌ನ ಎರಡು ಖಾನೆ ತುಂಬುವುದು ಮನೆಯವರ ಕೈಯಲ್ಲೇ ಇದೆ.

ಯಾವುದು ನಿಲ್ಲುವುದಿಲ್ಲ ಎಂಬುದನ್ನೂ ನೇರವಾಗಿ ಹೇಳಬೇಕು. ಯೂಟ್ಯೂಬ್‌ನ ಜಾಹೀರಾತು ಬರುವುದು ವಿಡಿಯೊ ಬರುವ ವಿಳಾಸಗಳಿಂದಲೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೂ ಹಾಗೇ. ಜಾಹೀರಾತನ್ನೂ ವಿಷಯವನ್ನೂ ಡಿಎನ್‌ಎಸ್ ಬೇರ್ಪಡಿಸಲಾರದು. ನಿಲ್ಲುವುದು ಸುದ್ದಿತಾಣಗಳ ಬ್ಯಾನರ್ ಜಾಹೀರಾತು, ಆಟದ ಆ್ಯಪ್‌ಗಳ ಜಾಹೀರಾತು, ಸ್ಮಾರ್ಟ್ ಟಿವಿ ಕದ್ದು ಕಳಿಸುವ ವರದಿಗಳು. ಜಾಹೀರಾತು ನೋಡಿದರೆ ನಾಣ್ಯ ಕೊಡುವ ಆಟಗಳಲ್ಲಿ ಆ ನಾಣ್ಯವೂ ಸಿಗುವುದಿಲ್ಲ. ಮಕ್ಕಳು ಮೊದಲು ದೂರುವುದು ಇದನ್ನೇ.

ಶೇಕಡಾವಾರು ಅಂಕಿಗೆ ಮರುಳಾಗಬೇಡಿ

ಪೈ-ಹೋಲ್ ತೆರೆದರೆ ಮೊದಲ ಪರದೆಯಲ್ಲೇ ತಡೆದ ಪ್ರಶ್ನೆಗಳ ಶೇಕಡಾವಾರು ದೊಡ್ಡದಾಗಿ ಕಾಣುತ್ತದೆ. ಶೇ 30 ಎಂದಿದ್ದರೆ ಶೇ 30ರಷ್ಟು ಡೇಟಾ ಉಳಿಯಿತೆಂದು ಅರ್ಥವಲ್ಲ. ತಡೆದ ಉತ್ತರವನ್ನು ಪೈ-ಹೋಲ್ ಕೊಡುವುದು 2 ಸೆಕೆಂಡಿನ ಆಯಸ್ಸು ಇಟ್ಟು. ಹಟಮಾರಿ ಆ್ಯಪ್ ಒಂದು ಎರಡು ಸೆಕೆಂಡಿಗೊಮ್ಮೆ ಅದೇ ಹೆಸರು ಕೇಳುತ್ತ ಕೂತರೆ ನಿಮಿಷಕ್ಕೆ 30, ಗಂಟೆಗೆ 1,800 'ತಡೆ' ದಾಖಲಾಗುತ್ತದೆ; ತಪ್ಪಿದ ಜಾಹೀರಾತು ಮಾತ್ರ ಒಂದೇ. ನೋಡಬೇಕಾದದ್ದು ಯಾವ ಸಾಧನ ಯಾವ ಹೆಸರನ್ನು ಕೇಳುತ್ತಿದೆ ಎಂಬ ಸಾಲುಗಳನ್ನು. ರಾತ್ರಿ ಎರಡು ಗಂಟೆಗೆ, ಎಲ್ಲರೂ ಮಲಗಿದ ಮೇಲೆ, ಟಿವಿಯ ಹೆಸರಿನಲ್ಲಿ ಒಂದರ ಕೆಳಗೊಂದು ಪ್ರಶ್ನೆ ಇಳಿಯುವುದನ್ನು ಕಂಡಾಗ ಈ ಡಬ್ಬಿಯ ಬೆಲೆ ಗೊತ್ತಾಗುತ್ತದೆ.

ಅದೇ ಸಾಲುಗಳಲ್ಲಿ ಮನೆಯ ಪ್ರತಿಯೊಬ್ಬರು ತೆರೆದ ತಾಣಗಳೂ ಇರುತ್ತವೆ. 2025ರ ಫೆಬ್ರುವರಿಯಲ್ಲಿ ಬಂದ 6ನೇ ಆವೃತ್ತಿ ಈ ದಾಖಲೆಯನ್ನು ತಾನಾಗಿ 91 ದಿನ ಇಟ್ಟುಕೊಳ್ಳುತ್ತದೆ. ಕಂಪನಿಗಳ ಕಣ್ಣು ತಪ್ಪಿಸಲು ತಂದ ಸಾಧನದಿಂದ ಮನೆಯವರ ಮೇಲೇ ಕಣ್ಣಿಡುವಂತಾಗಬಾರದು. ಹೆಸರುಗಳನ್ನು ಮರೆಮಾಡುವ ಗೌಪ್ಯತೆಯ ಹಂತಗಳು ಅದರಲ್ಲೇ ಇವೆ. ವಾರದಲ್ಲಿ ಎಲ್ಲ ಸರಿಹೋದ ಮೇಲೆ ಆ ಹಂತವನ್ನು ಏರಿಸಿಬಿಡಿ.

ದುಡ್ಡು ಕೊಡುವುದು ಬಿಡಲಿಕ್ಕೆ

ತಡೆಯಲು ₹0 ಸಾಕು ಎಂದಾದರೆ ₹4,144 ಯಾತಕ್ಕೆ? ಸಾರ್ವಜನಿಕ ಸರ್ವರ್‌ನಲ್ಲಿ ಪಟ್ಟಿ ಅವರದು. ಯಾವುದೋ ಬ್ಯಾಂಕಿನ ಪುಟ ತೆರೆಯದೆ ನಿಂತರೆ, ಅದೊಂದನ್ನು ಬಿಡಿ ಎಂದು ಹೇಳಲು ದಾರಿಯಿಲ್ಲ. ಸ್ವಂತ ಸರ್ವರ್‌ನಲ್ಲಿ ಆ ಹೆಸರಿನ ಮುಂದಿನ ಗುಂಡಿ ಒತ್ತಿದರೆ ಆಯಿತು.

ಕನ್ನಡಿಗರ ಮನೆಗೆ ಈ ಗುಂಡಿ ಇನ್ನೊಂದು ಕಾರಣಕ್ಕೂ ಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ಇಲ್ಲಿ ಕನ್ನಡ ಓದುವ ಮನೆಗಳು ಕರ್ನಾಟಕದ ಆಚೆಯಿಂದ ಕನ್ನಡ ಸುದ್ದಿಯನ್ನು ಹುಡುಕಿ ಓದುತ್ತ ಬಂದಿವೆ. ಇಂದು ಅದು ಸಿಗುವುದು ಬಹುಪಾಲು ಫೋನಿನಲ್ಲಿ. ಆ ಪತ್ರಿಕಾತಾಣಗಳು, ಸಣ್ಣ ಸಾಹಿತ್ಯ ತಾಣಗಳು ನಡೆಯುವುದು ಜಾಹೀರಾತಿನ ಕಾಸಿನಲ್ಲಿ. ಒಂದು ಲಕ್ಷ ಹೆಸರುಗಳನ್ನು ಕಣ್ಣುಮುಚ್ಚಿ ತಡೆದರೆ ಜೂಜಿನ ಜಾಹೀರಾತಿನ ಜೊತೆಗೆ ಆ ಕಾಸೂ ನಿಲ್ಲುತ್ತದೆ. ಜಾಹೀರಾತು ಜಾಲಗಳು ಎಲ್ಲ ತಾಣಗಳಿಗೂ ಒಂದೇ ಆದ್ದರಿಂದ, ಇಂಥ ಪತ್ರಿಕೆಗೆ ಮಾತ್ರ ಬಿಡು ಎಂದು ಡಿಎನ್‌ಎಸ್‌ಗೆ ಹೇಳಲಾಗುವುದಿಲ್ಲ. ಪೈ-ಹೋಲ್‌ನಲ್ಲಿ ಸಾಧನಗಳನ್ನು ಗುಂಪು ಮಾಡಬಹುದು: ಮಕ್ಕಳ ಟ್ಯಾಬ್, ಟಿವಿಗೆ ಬಿಗಿ ಪಟ್ಟಿ; ಹಿರಿಯರು ಪತ್ರಿಕೆ ಓದುವ ಫೋನಿಗೆ ಸಡಿಲ ಪಟ್ಟಿ. ಅಥವಾ ಪೂರ್ತಿ ತಡೆದು, ಓದುವ ಪತ್ರಿಕೆಗೆ ಚಂದಾ ಕಟ್ಟಬಹುದು. ಎರಡೂ ನ್ಯಾಯದ ದಾರಿಗಳೇ.

ಹಾಗಾಗಿ ಲೆಕ್ಕ ಹೀಗೆ ಮುಗಿಯುತ್ತದೆ. ರೂಟರ್ ಇಲ್ಲದ ಮನೆಗೆ ಪ್ರೈವೇಟ್ ಡಿಎನ್‌ಎಸ್, ₹0. ರೂಟರ್ ಇದ್ದು ಬೇರೇನೂ ತಲೆನೋವು ಬೇಡವೆಂದರೆ ಆ ಎರಡು ಖಾನೆ, ₹0. ಮಕ್ಕಳು, ಹಿರಿಯರು, ಅಂಗಡಿಯ ಕೆಲಸ ಎಲ್ಲ ಒಂದೇ ವೈಫೈ ಮೇಲಿರುವ ಮನೆಗೆ ಹಳೇ ಲ್ಯಾಪ್‌ಟಾಪ್ ಆದರೆ ತಿಂಗಳಿಗೆ ₹44, ಹೊಸ ಬೋರ್ಡ್ ಆದರೆ ₹69. ಮೊದಲು ಸೊನ್ನೆಯಿಂದ ಶುರುಮಾಡಿ ಒಂದು ತಿಂಗಳು ನೋಡಿ. ಯಾವುದನ್ನಾದರೂ ಬಿಡಬೇಕಿತ್ತು ಎಂದು ನಾಲ್ಕು ಸಲ ಅನಿಸಿದರೆ ಮಾತ್ರ ದುಡ್ಡು ಹಾಕಿ.